ಬಾವಿಗೆ ಬಿದ್ದಾಗ ಅಗ್ನಿಶಾಮಕದ ಗಾಡಿ ಬರುವ ತನಕ ಏನು ಮಾಡಬೇಕು? ಅನುಭವ ಇದ್ದವರು ಹೇಳ್ರಿ

ಜೇವರ್ಗಿ ತಾಲ್ಲೂಕಿನಿಂದ ಪ್ರಶ್ನೆ:
ಹೋದ ವಾರ ನಮ್ಮ ಹೊಲದ ಬಾವಿಗೆ ಎಮ್ಮೆ ಕರು ಬಿತ್ತು. ಕಟ್ಟೆ ಇಲ್ಲದ ಹಳೇ ಬಾವಿ. ಅಗ್ನಿಶಾಮಕದವರು ಬಂದು ಹಗ್ಗ ಹಾಕಿ ಎತ್ತಿದರು. ಆದರೆ ಅವರು ಬರುವ ಮುಂಚೆ ನನ್ನ ತಮ್ಮ ಇಳಿಯಲು ಹೊರಟಿದ್ದ. ಅವ್ವ ಕಾಲು ಹಿಡಿದು ನಿಲ್ಲಿಸಿದಳು. ನಾನಿರುವುದು ಬೆಂಗಳೂರಲ್ಲಿ. ಊರಲ್ಲಿ ತಮ್ಮನನ್ನು ಬಿಟ್ಟರೆ ವಯಸ್ಸಾದವರೇ. ಇಂಥ ಹೊತ್ತಲ್ಲಿ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು?

ಆಳಂದದಿಂದ:
ಅಣ್ಣಾ, ಮೊದಲು ನಿಮ್ಮ ಅವ್ವನಿಗೆ ಕೈ ಮುಗೀರಿ. ನಮ್ಮೂರಲ್ಲಿ ಹಾಗೆ ಹಿಡಿಯುವವರು ಇರಲಿಲ್ಲ. ಬಾವಿಯೊಳಗೆ ಡೀಸೆಲ್ ಪಂಪ್ ಇಳಿಸಿ ನೀರು ಖಾಲಿ ಮಾಡುತ್ತಿದ್ದರು. ಒಬ್ಬ ಇಳಿದ, ಮಾತು ನಿಂತಿತು. ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನೂ ಕುಸಿದ. ಮೂರನೆಯವನು ಧೋತರ ಮೇಲೆ ಕಟ್ಟುತ್ತಿದ್ದ. ನಾಲ್ಕು ಜನ ಸೇರಿ ಹಿಡಿದುಕೊಂಡೆವು, ಬೈಸಿಕೊಂಡೆವು. ಅಗ್ನಿಶಾಮಕದವರು ಬೆನ್ನಿಗೆ ಗಾಳಿ ಸಿಲಿಂಡರ್, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ಇಳಿದರು. ಒಬ್ಬ ಉಳಿದ. ಇನ್ನೊಬ್ಬ ಉಳಿಯಲಿಲ್ಲ.

ಇಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ದೀಪ ಇಳಿಸಿ ನೋಡು ಅಂತ ಹಿರಿಯರು ಹೇಳುತ್ತಾರೆ. ಅದನ್ನು ನಂಬಬೇಡಿ. ಈ ಅನಿಲ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಬಿದ್ದವರಿಗೆ ಎಚ್ಚರ ಇದ್ದರೆ ಮೇಲಿನಿಂದಲೇ ಹಗ್ಗ ಬಿಡಿ, ಗಾಳಿ ತುಂಬಿದ ಟ್ರ್ಯಾಕ್ಟರ್ ಟ್ಯೂಬ್ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಆದರೂ ನಡೆಯುತ್ತದೆ.

ಬಸವಕಲ್ಯಾಣದಿಂದ:
ಫೋನ್ ವಿಷಯ ನಾನು ಹೇಳುತ್ತೇನೆ. 112ಕ್ಕೆ ಮಾಡಿದರೆ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಆಗುತ್ತದೆ. ಬರೀ ಆಂಬುಲೆನ್ಸ್ ಬೇಕಾದರೆ 108. ನಮ್ಮದು ಗಡಿ ಅಲ್ವಾ, ಒಮ್ಮೆ ನನ್ನ ಮೊಬೈಲಿಗೆ ಆ ಕಡೆಯ ಟವರ್ ಸಿಕ್ಕು ಫೋನ್ ಮಹಾರಾಷ್ಟ್ರಕ್ಕೆ ಹೋಯಿತು. ಮರಾಠಿ ಬರುತ್ತಿದ್ದರಿಂದ ಬಚಾವಾದೆ! ಆಮೇಲೆ ತಾಲ್ಲೂಕಿನ ಅಗ್ನಿಶಾಮಕ ಠಾಣೆಯ ನಂಬರ್ ಬರೆದಿಟ್ಟುಕೊಂಡೆ. ಊರ ಹೆಸರಿನ ಜೊತೆ ತಾಲ್ಲೂಕು ಹೇಳಲೇಬೇಕು. ಒಂದೇ ಹೆಸರಿನ ಊರು ಎಷ್ಟಿಲ್ಲ? ಡಾಂಬರ್ ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿ ಒಬ್ಬ ಹುಡುಗನನ್ನು ಬೈಕ್ ಕೊಟ್ಟು ನಿಲ್ಲಿಸಿ. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣಲ್ಲಿ ದೊಡ್ಡ ಗಾಡಿ ಹೂತುಹೋಗುತ್ತದೆ. ಯಾವ ದಾರಿ ಗಟ್ಟಿ ಅಂತ ಅವನೇ ತೋರಿಸಬೇಕು.

ಶಹಾಪುರದಿಂದ:
ಬಾವಿ ಮಾತಲ್ಲ, ಆದರೂ ಹೇಳುತ್ತೇನೆ. ತೊಗರಿ ಹೊಲದಲ್ಲಿ ನನ್ನ ಅತ್ತೆಗೆ ಹಾವು ಕಚ್ಚಿತು. ಬಿಗಿಯಾಗಿ ಹಗ್ಗ ಕಟ್ಟಲು ಹೋದರು, ನಾನು ಬಿಡಲಿಲ್ಲ. ಕಾಲುಂಗುರ ತೆಗೆದು, ಕಾಲು ಅಲುಗಾಡದಂತೆ ಮಲಗಿಸಿ 108ರಲ್ಲಿ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಗಾಜಿನ ಟ್ಯೂಬಿಗೆ ರಕ್ತ ಹಾಕಿ 20 ನಿಮಿಷ ಸುಮ್ನೆ ಇಟ್ಟರು. ಹೆಪ್ಪುಗಟ್ಟಲಿಲ್ಲ, ಅಂದರೆ ವಿಷ ಏರಿದೆ ಅಂತ ತಕ್ಷಣ ವಿಷ ಇಳಿಸುವ ಇಂಜೆಕ್ಷನ್ ಶುರು ಮಾಡಿದರು. ಆ ಔಷಧ ನಾಗರ, ಕಟ್ಟು ಹಾವು, ಎರಡು ಥರದ ಮಂಡಲ, ನಾಲ್ಕಕ್ಕೂ ಒಂದೇ. ಹಾವನ್ನು ಹೊಡೆದು ತರುತ್ತೇವೆ ಅಂತ ಹೊತ್ತು ಕಳೆಯಬೇಡಿ.

ಚಿತ್ತಾಪುರದಿಂದ:
ಬಣವಿಗೆ ಬೆಂಕಿ ಬಿದ್ದು ಮೇಲೆ ಕರೆಂಟ್ ತಂತಿ ಇದ್ದರೆ ನೀರು ಹಾಕಬೇಡಿ. ಮೊದಲು ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ.

ಪ್ರಶ್ನೆ ಕೇಳಿದವರು:
ಎಲ್ಲ ಓದಿ ತಮ್ಮನಿಗೆ ಫೋನಲ್ಲೇ ಹೇಳಿದೆ. ಹಗ್ಗ, ಟ್ಯೂಬ್ ಪಂಪ್‌ಶೆಡ್ಡಿನಲ್ಲಿ ಇಟ್ಟಿದ್ದಾನೆ. ಠಾಣೆಯ ನಂಬರನ್ನು ಅವ್ವ ಇದ್ದಿಲಿನಿಂದ ಗೋಡೆ ಮೇಲೆ ಬರೆಸಿದ್ದಾಳೆ. ಕಟ್ಟೆಗೆ ಮೇಸ್ತ್ರಿ ಸಿಗುವ ತನಕ ಬಾವಿ ಸುತ್ತ ಜಾಲಿ ಮುಳ್ಳು ಹಾಕಿದ್ದೇವೆ.