ಮಗಳ ಭಾಷಣಕ್ಕೆ ಲಿಂಕನ್ ಬಗ್ಗೆ ಸ್ವಲ್ಪ ಹೇಳಿ, ಅಪ್ಪ ಕೇಳಿದ ಪ್ರಶ್ನೆಗೆ ನನ್ ಹತ್ರ ಉತ್ರ ಇಲ್ಲ

ಸಿದ್ದಾಪುರದವಳು:
ಎಲ್ರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು, ಸ್ಕೂಲಲ್ಲಿ ಭಾಷಣ ಇದೆ, ಅವಳಿಗೆ ಕೊಟ್ಟಿರೋ ವಿಷಯ ಅಬ್ರಹಾಂ ಲಿಂಕನ್. ನಾನೇ ಬರ್ಕೊಟ್ಟೆ. ಮರದ ದಿಮ್ಮಿ ಮನೇಲಿ ಹುಟ್ಟಿದ್ದು, ಸ್ಕೂಲಿಗೆ ಎಲ್ಲಾ ಸೇರ್ಸಿದ್ರೂ ಒಂದು ವರ್ಷ ಹೋಗಿಲ್ಲ, ಆಮೇಲೆ ಲಾಯರ್ ಆಗಿದ್ದು, ಅಮೆರಿಕದ ಅಧ್ಯಕ್ಷ ಆಗಿದ್ದು, 1863ರಲ್ಲಿ ಸಹಿ ಹಾಕಿ ಗುಲಾಮರನ್ನ ಬಿಡಿಸಿದ್ದು, ಅಷ್ಟೇ.

ನಿನ್ನೆ ರಾತ್ರಿ ಅವಳು ಬಾಯಿಪಾಠ ಮಾಡ್ತಿದ್ದಾಗ ನಮ್ಮಪ್ಪ ಒಲೆ ಹತ್ರ ಕೂತು ಕೇಳ್ತಿದ್ರು. ಅಪ್ಪ ಮೂವತ್ತು ವರ್ಷ ಒಂದೇ ತೋಟದ, ಕೂಲಿಯೋರಿಗೆ ಅಂತ ಮಾಲೀಕರು ಕಟ್ಸಿರೋ ಸಾಲುಮನೆ, ಅಂದ್ರೆ ಲೈನ್‌ಮನೇಲಿ ಇದ್ದವರು. ನಮ್ಮಣ್ಣನ ಆಸ್ಪತ್ರೆ ಖರ್ಚಿಗೆ ಅಂತ ತಗೊಂಡ ಅಡ್ವಾನ್ಸು ತೋಟದ ಲೆಕ್ಕ ಬರೆಯೋ ರೈಟರ್ ಪುಸ್ತಕದಲ್ಲಿ ಕಡಿಮೆ ಆಗಿದ್ದೇ ಇಲ್ಲ, ಪ್ರತಿ ಬಟವಾಡೆಗೂ ಹೆಬ್ಬೆಟ್ಟು ಒತ್ತೋರು, ಆ ನೀಲಿ ಶಾಯಿ ಸೋಮವಾರದ ತನಕ ಬೆರಳಲ್ಲೇ ಇರೋದು, ನನಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಭಾಷಣ ಮುಗೀತು, ಅಪ್ಪ ಕೇಳಿದ್ರು: "ಸಹಿ ಹಾಕಿದ ಮಾರನೇ ದಿನ ಅವರೆಲ್ಲ ಎಲ್ಲಿ ಮಲಗಿದ್ರು? ಜಮೀನು ಅದೇ ಸಾಹುಕಾರಂದೇ ತಾನೆ?" ನನಗೆ ಮಾತೇ ಹೊರಡ್ಲಿಲ್ಲ. ಗೊತ್ತಿರೋರು ಹೇಳಿ ಪ್ಲೀಸ್.

ಮಡಿಕೇರಿ ಮೇಷ್ಟ್ರು:
ತಾಯಿ, ನಿಮ್ಮ ತಂದೆಯವರು ಕೇಳಿದ್ದೇ ಇಡೀ ಕತೆಯ ಮುಖ್ಯ ಪ್ರಶ್ನೆ. 1863ರ ಜನವರಿ 1ರ ಘೋಷಣೆಯಿಂದ ಎಲ್ಲ ಗುಲಾಮರಿಗೂ ಬಿಡುಗಡೆ ಸಿಗಲಿಲ್ಲ, ದಂಗೆ ಎದ್ದ ದಕ್ಷಿಣದ ರಾಜ್ಯಗಳಿಗೆ ಮಾತ್ರ ಅದು ಅನ್ವಯ. ಲಿಂಕನ್ ಹುಟ್ಟಿದ ಕೆಂಟಕಿ ರಾಜ್ಯ ಯೂನಿಯನ್, ಅಂದ್ರೆ ದೇಶ ಒಡೆಯಬಾರದು ಅಂತ ಹೋರಾಡಿದ ಲಿಂಕನ್ ಸರ್ಕಾರದ ಕಡೆಗೇ ಇತ್ತು, ಅಲ್ಲಿ ಗುಲಾಮಗಿರಿ ಹಾಗೇ ಮುಂದುವರೀತು. ದಕ್ಷಿಣದಲ್ಲೂ ಯೂನಿಯನ್ ಸೈನ್ಯ ಹೋದ ಕಡೆ ಮಾತ್ರ ಕಾಗದಕ್ಕೆ ಬೆಲೆ. ಎಷ್ಟೋ ಜನ ಯಾರಿಗೂ ಕಾಯದೆ ರಾತ್ರೋರಾತ್ರಿ ತೋಟ ಬಿಟ್ಟು ಸೈನ್ಯದ ಕ್ಯಾಂಪಿಗೆ ಓಡಿ ಬಂದ್ರು. ಸುಮಾರು 1.8 ಲಕ್ಷ ಕಪ್ಪು ಜನ ಸಿಪಾಯಿಗಳಾಗಿ ಹೋರಾಡಿದ್ರು, ಅದನ್ನ ಭಾಷಣದಲ್ಲಿ ದಯವಿಟ್ಟು ಸೇರಿಸಿ. ಅಲ್ಲೂ ಕೂಲಿ ತಾರತಮ್ಯ ನೋಡಿ, ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಹಿಡಕೊಳ್ಳೋರು. ಸ್ವತಃ ಗುಲಾಮನಾಗಿದ್ದು ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1863ರ ಆಗಸ್ಟ್‌ನಲ್ಲಿ ಲಿಂಕನ್ ಎದುರಿಗೇ ಕೂತು ಇದನ್ನ ಕೇಳಿದ್ರು, ಸಂಬಳ ಸರಿಯಾಗೋಕೆ 1864 ಬರಬೇಕಾಯ್ತು.

ಇಡೀ ದೇಶದಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ಹೋಗಿದ್ದು ಸಂವಿಧಾನದ 13ನೇ ತಿದ್ದುಪಡಿಯಿಂದ, 1865ರ ಡಿಸೆಂಬರ್‌ನಲ್ಲಿ. ಅದನ್ನ ನೋಡೋಕೆ ಲಿಂಕನ್ ಇರಲಿಲ್ಲ, ಏಪ್ರಿಲ್‌ನಲ್ಲೇ ಗುಂಡೇಟಿಗೆ ಹೋದರು.

ಇನ್ನು ಜಮೀನು. 1865ರ ಜನವರಿಯಲ್ಲಿ ಯೂನಿಯನ್ ಸೈನ್ಯದ ಜನರಲ್ ಶೆರ್ಮನ್ ದಕ್ಷಿಣದ ಕರಾವಳಿ ಭಾಗದಲ್ಲಿ ಬಿಡುಗಡೆ ಆದ ಕುಟುಂಬಕ್ಕೆ 40 ಎಕರೆ ತನಕ ಕೊಡಬೇಕು ಅಂತ ಆರ್ಡರ್ ಮಾಡಿದ, ಜನ ಹೋಗಿ ಉತ್ತು ಬಿತ್ತಿದ್ರು ಕೂಡ, ಆದ್ರೆ ಲಿಂಕನ್ ನಂತರ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಹೆಚ್ಚಿನದನ್ನ ಹಳೇ ಮಾಲೀಕರಿಗೇ ವಾಪಸ್ ಕೊಡಿಸಿದ. ಮಿಸಿಸಿಪ್ಪಿಯಲ್ಲಂತೂ ಪ್ರತಿ ಜನವರಿ "ನಾನು ಇಂಥವರ ಹತ್ತಿರ ಕೆಲಸಕ್ಕಿದ್ದೇನೆ" ಅಂತ ಕಾಗದ ತೋರಿಸಬೇಕು ಅಂತ ಕಾನೂನೇ ಬಂತು. ಹಾಗಾಗಿ ನಿಮ್ಮ ತಂದೆಯವರಿಗೆ ಹೇಳಿ, ತುಂಬಾ ಜನ ಮಲಗಿದ್ದು ಅದೇ ಗುಡಿಸಲಲ್ಲೇ.

ಕುಶಾಲನಗರ_77:
ಲಿಂಕನ್‌ನ ಅಷ್ಟೊಂದು ಮೇಲೆ ಕೂರಿಸ್ಬೇಡಿ. ಒಬ್ಬ ಗುಲಾಮನನ್ನೂ ಬಿಡಿಸದೆ ಯೂನಿಯನ್ ಉಳಿಯೋದಾದ್ರೆ ಹಾಗೇ ಮಾಡ್ತೀನಿ ಅಂತ 1862ರಲ್ಲಿ ಪತ್ರಿಕೆ ಸಂಪಾದಕರೊಬ್ರಿಗೆ ಪತ್ರ ಬರೆದವನು ಅವನೇ.

ಮಡಿಕೇರಿ ಮೇಷ್ಟ್ರು:
ಸರಿ ಸಾರ್, ಬರೆದಿದ್ದು ನಿಜ, ಆಗಸ್ಟ್‌ನಲ್ಲಿ. ಆದ್ರೆ ಅದಕ್ಕೆ ಒಂದು ತಿಂಗಳು ಮುಂಚೆನೇ, ಜುಲೈನಲ್ಲಿ, ಬಿಡುಗಡೆ ಘೋಷಣೆಯ ಕರಡನ್ನ ತನ್ನ ಮಂತ್ರಿಗಳ ಮುಂದೆ ಓದಿ ಆಗಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡ್ಬೇಕು.

ತಿತಿಮತಿ ಹುಡ್ಗ:
ಅಕ್ಕ, ನಿಮ್ಮಪ್ಪನ ಅಡ್ವಾನ್ಸ್ ವಿಷ್ಯ ಓದಿ ಹೊಟ್ಟೆಗೆ ಕೈ ಹಾಕಿ ಹಿಂಡಿದ ಹಾಗಾಯ್ತು. ಲಿಂಕನ್ನೂ ಸಾಲದಲ್ಲಿ ಬಿದ್ದೋನೇ. 21 ತುಂಬೋ ತನಕ ಅಕ್ಕಪಕ್ಕದವರ ಹೊಲದಲ್ಲಿ ಕೂಲಿ ಮಾಡಿದ್ದೆಲ್ಲ ಅವರಪ್ಪನ ಕೈಗೆ ಹೋಗ್ತಿತ್ತು, ಕಾನೂನೇ ಹಾಗಿತ್ತಂತೆ. ಆಮೇಲೆ ನ್ಯೂ ಸೇಲಂ ಅನ್ನೋ ಊರಲ್ಲಿ ಪಾಲುದಾರಿಕೇಲಿ ಅಂಗಡಿ ಇಟ್ಟ, ಮುಳುಗ್ತು, ಪಾಲುದಾರ ಸತ್ತೋದ, ಅವನ ಸಾಲನೂ ಇವನ ತಲೆಗೇ ಬಂತು. ಹೊಟ್ಟೆಪಾಡಿಗೆ ಸರ್ವೆ ಕೆಲ್ಸ ಮಾಡ್ತಿದ್ದ, ಕೋರ್ಟಿಂದ ಕುದುರೆ, ಜೀನು, ಸರ್ವೆ ಸಾಮಾನು ಎಲ್ಲಾ ಹರಾಜಿಗೆ ಬಂತು. ಸಾಲ ತೀರ್ಸೋಕೆ ವರ್ಷಗಟ್ಲೆ ಹಿಡೀತು. ಆದ್ರೆ ಅಕ್ಕ, ಸಾಲಕ್ಕೆ ಹರಾಜಾಗಿದ್ದು ಅವನ ಕುದುರೆ, ಅವನಲ್ಲ. ಆ ಟೈಮಲ್ಲೇ ದಕ್ಷಿಣದಲ್ಲಿ ಸಾಹುಕಾರನ ಸಾಲಕ್ಕೆ ಗುಲಾಮರ ಮಕ್ಕಳನ್ನೇ ಹರಾಜು ಹಾಕ್ತಿದ್ರು. ಪಾಪುಗೆ ಇದೊಂದು ಹೇಳೋಕೆ ಹೇಳಿ.

ನಮ್ಮ ಕಡೇದೂ ಬೇಕಲ್ವಾ. ನಾನು ಕೊಡಗಿನ ಆದಿವಾಸಿ ಯರವರ ಹುಡ್ಗ. ನಮ್ಮೋರನ್ನ ಜಮೀನಿನ ಜೊತೆ ಜೀತಕ್ಕೆ ಇಟ್ಕೊಂಡಿದ್ದು ಬ್ರಿಟಿಷರ ಕಾಲದ ಬರಹಗಳಲ್ಲೇ ಇದೆ. 1843ರಲ್ಲೇ, ಅಂದ್ರೆ ಲಿಂಕನ್ ಸಹಿಗಿಂತ 20 ವರ್ಷ ಮುಂಚೆ, ಗುಲಾಮ ಅನ್ನೋದನ್ನ ಕೋರ್ಟು ಒಪ್ಪಲ್ಲ ಅಂತ ಇಲ್ಲಿ ಕಾಯ್ದೆ ಬಂತು. ಜೀತ ರದ್ದು ಕಾಯ್ದೆ ಬರೋಕೆ 1976 ಆಯ್ತು, ಆ ಮಧ್ಯದ ನೂರಾ ಮೂವತ್ತು ವರ್ಷ ನಮ್ಮ ಅಜ್ಜ ಅಜ್ಜೀರದ್ದು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳೀಲಿ ಆದಿವಾಸಿಗಳ ನೂರಾರು ಗುಡಿಸಲು ಕೆಡವಿದ್ರಲ್ಲ, ಅಲ್ಲಿ ಕೂತಿದ್ದೋರಲ್ಲಿ ಎಷ್ಟೋ ಜನ ಲೈನ್‌ಮನೆ ಬಿಟ್ಟು ಬಂದೋರೇ. ಕೇಳಿದ್ದು ನಿಮ್ಮಪ್ಪ ಕೇಳಿದ್ದನ್ನೇ, ಮಲ್ಗೋಕೆ ನಮ್ದು ಅನ್ನೋ ಒಂದು ಜಾಗ. ಹೋರಾಟ ಆದ್ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದ ಕಡೆ ಜಾಗ ಕೊಟ್ರು.

ಇನ್ನೊಂದು, ಮಗನ ಮೇಷ್ಟ್ರಿಗೆ ಲಿಂಕನ್ ಬರೆದ ಪತ್ರ ಅಂತ ಸ್ಕೂಲಲ್ಲೆಲ್ಲ ಫ್ರೇಮ್ ಹಾಕಿರ್ತಾರಲ್ಲ, ಅದನ್ನ ಸೇರಿಸ್ಬೇಡಿ, ಅವನ ಬರಹಗಳ ಸಂಗ್ರಹದಲ್ಲಿ ಅದು ಇಲ್ಲ.

ಸಿದ್ದಾಪುರದವಳು:
ಮೇಷ್ಟ್ರೇ, ತಮ್ಮಾ, ಇಬ್ರಿಗೂ ಕೈ ಮುಗೀತೀನಿ. ಎಲ್ಲಾ ಅಪ್ಪಂಗೆ ಓದಿ ಹೇಳ್ದೆ. 10 ಡಾಲರಲ್ಲಿ 3 ಹಿಡಕೊಳ್ಳೋದು ಬಂದಾಗ ಮತ್ತೆ ಓದು ಅಂದ್ರು. ಮಗಳು ಸಹಿಯಿಂದ ಶುರು ಮಾಡಲ್ವಂತೆ, ಹರಾಜಿಂದ ಶುರು ಮಾಡ್ತೀನಿ ಅಂತ ಕೂತಿದ್ದಾಳೆ, ಹಳೇದನ್ನ ಹರಿದು ಹಾಕಿದ್ಲು. ಅಪ್ಪ ಮಲಗೋಕೆ ಹೋದೋರು ಎದ್ದು ಬಂದು ಕೇಳ್ತಿದ್ದಾರೆ, ಆ ಕುದುರೆ ಅವನಿಗೆ ವಾಪಸ್ ಸಿಕ್ತಾ ಅಂತ.

ತಿತಿಮತಿ ಹುಡ್ಗ:
ಹೂಂ ಅಕ್ಕ, ಸಿಕ್ತು. ಸ್ನೇಹಿತನೊಬ್ಬ ಹರಾಜಲ್ಲಿ ತಾನೇ ಕೂಗಿ ತಗೊಂಡು ಕುದುರೆ, ಸಾಮಾನು ಎಲ್ಲಾ ಅವನಿಗೇ ವಾಪಸ್ ಕೊಟ್ಟ. ಅಪ್ಪಂಗೆ ಹೇಳಿ.