ಹಳೇ ಸಿಸೇರಿಯನ್ ಹೊಲಿಗೆ ಸರಿ ಮಾಡಿಸಿಕೊಂಡ ಮೇಲೆ ಎರಡನೇ ಮಗು

ದಾವಣಗೆರೆಯಿಂದ ಪ್ರಶ್ನೆ:
ಮಗಳು ಸಿಸೇರಿಯನ್‌ನಲ್ಲಿ ಹುಟ್ಟಿದಳು. ಆಮೇಲೆ ಮುಟ್ಟು ನಿಂತರೂ ಐದಾರು ದಿನ ಕಂದು ಬಣ್ಣದಲ್ಲಿ ಹೋಗುತ್ತಿತ್ತು. ಗರ್ಭಕೋಶದ ಹೊಲಿಗೆ ಜಾಗದಲ್ಲಿ ಗುಳಿ ಬಿದ್ದಿದೆ, ಇಸ್ತ್ಮೋಸೀಲ್ ಅಂದರು. ಲ್ಯಾಪರೋಸ್ಕೋಪಿಯಲ್ಲಿ ಸರಿ ಮಾಡಿ ಮೂರು ತಿಂಗಳಾಯಿತು. ಇನ್ನೊಂದು ಮಗು ಬೇಕು, ಆದರೆ ತುಂಬಾ ಭಯ. ಇದನ್ನು ಕಂಡವರು ಹೇಳುತ್ತೀರಾ?

ಹಾಸನದಿಂದ:
ತಂಗಿ, ನನ್ನದೂ ಇದೇ ಕಥೆ. ಸರಿ ಮಾಡಿಸಿದ ಮೇಲೆ ಹುಟ್ಟಿದ ಮಗನಿಗೆ ಈಗ ಒಂದೂವರೆ ವರ್ಷ. ಆಪರೇಷನ್‌ಗೆ ಮುಂಚೆ ಆ ಜಾಗದಲ್ಲಿ ಗೋಡೆ 2 ಮಿಲಿಮೀಟರ್ ಇತ್ತು, ಆಮೇಲಿನ ಸ್ಕ್ಯಾನಿಂಗ್‌ನಲ್ಲಿ 5 ಬಂತು. ಆರು ತಿಂಗಳು ಕಾಯಿರಿ ಅಂದಿದ್ದರು, ನಾನು ಎಂಟು ಕಾದೆ. ಫೋಲಿಕ್ ಆಸಿಡ್ ಮೊದಲೇ ಶುರು ಮಾಡಿದೆ.

ಒಂದು ಮಾತು ಮಾತ್ರ ಮರೆಯಬೇಡಿ. ಮುಟ್ಟು ತಪ್ಪಿದ ತಕ್ಷಣ ಡಾಕ್ಟರಿಗೆ ಹೇಳಿ, ಆರೇಳು ವಾರಕ್ಕೇ ಒಳಗಿನಿಂದ ಸ್ಕ್ಯಾನ್ ಮಾಡಿಸಿ. ಗರ್ಭ ಹೊಲಿಗೆ ಮೇಲೇ ಕೂತಿದೆಯಾ ಅಂತ ಆಗಲೇ ಗೊತ್ತಾಗಬೇಕು. ನನ್ನ ಡಾಕ್ಟರ್ ಪರದೆ ತಿರುಗಿಸಿ, ಪುಟ್ಟ ಕಪ್ಪು ಚೀಲಕ್ಕೆ ಬೆರಳಿಟ್ಟು, "ನೋಡಮ್ಮ, ಹೊಲಿಗೆಯಿಂದ ದೂರ, ಮೇಲ್ಗಡೆ ಕೂತಿದೆ" ಅಂದರು. ಅಲ್ಲಿಯವರೆಗೆ ಉಸಿರು ಹಿಡಿದಿದ್ದೆ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಾಸು ಎಲ್ಲಿ ಅಂಟಿದೆ ಅಂತ ಮತ್ತೆ ನೋಡಿದರು.

ಹೆರಿಗೆ ನೋವು ಬರುವವರೆಗೂ ಬಿಡಲಿಲ್ಲ. 37ನೇ ವಾರ ತುಂಬಿದ ಮೇಲೆ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿದರು. "ನಾರ್ಮಲ್ ಟ್ರೈ ಮಾಡಬಹುದಿತ್ತಲ್ವಾ" ಅಂತ ಮನೆಯವರು ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಆಪರೇಷನ್ ಪೇಪರ್ ತಾಯಿ ಕಾರ್ಡ್ ಜೊತೆಗೇ ಇರಲಿ. ಹೊಲಿಗೆ ಹತ್ತಿರ ನೋವು ಬಂದರೆ, ಚೂರು ರಕ್ತ ಕಂಡರೂ ಸುಮ್ನೆ ಮಲಗಬೇಡಿ, ರಾತ್ರಿಯಾದರೂ ಹೊರಡಿ.

ಹುಬ್ಬಳ್ಳಿಯಿಂದ:
ನಾನು ಸರಿ ಮಾಡಿಸದೆ ಬಸುರಿಯಾದೆ. ಗರ್ಭ ಹೊಲಿಗೆಯಲ್ಲೇ ಕೂತಿತ್ತು. ಆರನೇ ವಾರಕ್ಕೆ ಗೊತ್ತಾಗಿ ತೆಗೆಸಬೇಕಾಯಿತು, ಗರ್ಭಕೋಶ ಉಳಿಯಿತು. ಅಕ್ಕ ಹೇಳಿದ ಆ ಮೊದಲ ಸ್ಕ್ಯಾನ್ ದಯವಿಟ್ಟು ತಪ್ಪಿಸಬೇಡಿ. ಇನ್ನೊಂದು, ಕೆಳಗಿನಿಂದ ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ಮಾಡುವ ಹಿಸ್ಟೆರೋಸ್ಕೋಪಿಯಲ್ಲಿ ಗುಳಿಯ ಅಂಚು ಸವರುತ್ತಾರೆ ಅಷ್ಟೇ, ಗೋಡೆ ದಪ್ಪ ಆಗುವುದಿಲ್ಲ. ನಿಮಗೆ ಲ್ಯಾಪರೋಸ್ಕೋಪಿಯಲ್ಲಿ ಹೊಲಿದಿದ್ದಾರೆ, ಆದರೂ ಈಗ ಎಷ್ಟು ದಪ್ಪ ಇದೆ ಅಂತ ಕೇಳಿ ಬರೆಸಿಕೊಳ್ಳಿ.

ದಾವಣಗೆರೆಯಿಂದ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಕ್ಕ. ಮುಂದಿನ ವಾರವೇ ಕೇಳುತ್ತೇನೆ. ಮಗಳು ಎತ್ತಿಕೋ ಅಂತ ಅಳುತ್ತಾಳೆ, ಬಸುರಿಯಾದಾಗ ಏನು ಮಾಡಿದಿರಿ?

ಹಾಸನದಿಂದ:
ನಾನು ನೆಲದ ಮೇಲೆ ಕೂತುಬಿಡುತ್ತಿದ್ದೆ ತಂಗಿ. ದೊಡ್ಡ ಮಗಳು ತಾನೇ ಬಂದು ತೊಡೆ ಹತ್ತುತ್ತಿದ್ದಳು.