ಪದ ಬೇಕು: ‘ಉಬ್ಬಸ’ ಅನ್ನದೆ ಉಸಿರು ಸಾಲದ್ದನ್ನು ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ನಿಮ್ಮ ಸಹಾಯ ಬೇಕು.

ಸಿಒಪಿಡಿ (ಗಾಳಿಯ ದಾರಿ ಕಿರಿದಾಗಿ ಉಸಿರಾಟ ಕಷ್ಟವಾಗುವ, ಬಹುಕಾಲ ಉಳಿಯುವ ಶ್ವಾಸಕೋಶದ ಕಾಯಿಲೆ) ಇರುವವರ ಮೇಲೆ ನಡೆಯುವ ಒಂದು ಔಷಧ ಪರೀಕ್ಷೆಗಾಗಿ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಈ ಕೆಲಸದಲ್ಲಿ ಒಂದು ಕಟ್ಟುಪಾಡು ಇದೆ. ನಾನು ಬರೆದ ಕನ್ನಡವನ್ನು, ಮೂಲ ನೋಡಿರದ ಇನ್ನೊಬ್ಬರು ತಿರುಗಿ ಇಂಗ್ಲಿಷಿಗೆ ತರುತ್ತಾರೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಮೂಲದಲ್ಲಿ ‘ಬ್ರೆತ್‌ಲೆಸ್’ ಇದ್ದ ಕಡೆ ನಾನು ಧೈರ್ಯವಾಗಿ ‘ಉಬ್ಬಸ’ ಹಾಕಿದ್ದೆ. ತಿರುಗಿ ಬಂದಾಗ ಅದು ‘ಅಸ್ತಮಾ’ ಆಗಿತ್ತು.

ಅವರನ್ನು ದೂರುವ ಹಾಗಿಲ್ಲ. ಹಳಗನ್ನಡದಲ್ಲಿ ಉಬ್ಬಸಕ್ಕೆ ಕಷ್ಟ, ಸಂಕಟ ಅನ್ನುವ ಅಗಲವಾದ ಅರ್ಥವಿತ್ತು. ಈಗ ಅದು ಒಂದು ಕಾಯಿಲೆಯ ಹೆಸರಾಗಿ ಕೂತುಬಿಟ್ಟಿದೆ. ‘ಮೆಟ್ಟಿಲು ಹತ್ತುವಾಗ ಉಬ್ಬಸ ಬರುತ್ತದೆಯೇ?’ ಅಂತ ಕೇಳಿ ನೋಡಿ. ‘ಅಯ್ಯೋ, ನಮ್ಮ ಮನೇಲಿ ಯಾರಿಗೂ ಉಬ್ಬಸ ಇಲ್ಲ’ ಅಂತ ಉತ್ತರ ಬರುತ್ತದೆ. ಉಸಿರಿನ ಬಗ್ಗೆ ಕೇಳಿದರೆ ವಂಶದ ಬಗ್ಗೆ ಹೇಳುತ್ತಾರೆ! ‘ಗೂರಲು’ ನನಗೆ ತುಂಬ ಇಷ್ಟದ ಪದ, ಆದರೆ ಅದರದ್ದೂ ಇದೇ ಗತಿ. ಜೊತೆಗೆ ಅದರಲ್ಲಿ ಎದೆಯ ಗೊರಗೊರ ಸದ್ದೂ ಕೇಳಿಸುತ್ತದೆ. ಉಸಿರು ಸಾಲದವರಿಗೆಲ್ಲ ಸದ್ದು ಬರಬೇಕೆಂದಿಲ್ಲವಲ್ಲ.

ಒಂದು ಪದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅನ್ನಬಹುದು. ಸಿಒಪಿಡಿ ಇದೆಯೋ ಇಲ್ಲವೋ ನೋಡಲು ಸ್ಪೈರೋಮೀಟರ್ ಇದೆ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟು, ಆಮೇಲೆ ಜೋರಾಗಿ ಊದಿಸುತ್ತಾರೆ. ಊದಿದ ಒಟ್ಟು ಗಾಳಿಯಲ್ಲಿ ಮೊದಲ 1 ಸೆಕೆಂಡಿಗೆ ಬಂದದ್ದು ಶೇ 70ಕ್ಕಿಂತ ಕಡಿಮೆ ಇದ್ದರೆ ಗಾಳಿಯ ದಾರಿ ಕಿರಿದಾಗಿದೆ ಅಂತ ಲೆಕ್ಕ. ಆದರೆ ಒಂದೇ ಅಂಕಿ ಬಂದ ಇಬ್ಬರಲ್ಲಿ ಒಬ್ಬರು ಆರಾಮಾಗಿ ಓಡಾಡಿಕೊಂಡಿರಬಹುದು, ಇನ್ನೊಬ್ಬರು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಸಾಕಾಗಿ ಕೂತುಬಿಡಬಹುದು. ಅದು ಯಂತ್ರಕ್ಕೆ ಸಿಗುವುದಿಲ್ಲ. ಬಾಯಿಬಿಟ್ಟು ಕೇಳಬೇಕು.

ಕೇಳುವುದಕ್ಕೆ ‘ಕ್ಯಾಟ್’ ಅನ್ನುವ ಪ್ರಶ್ನಾವಳಿ ಇದೆ. ನನ್ನ ಕೈಯಲ್ಲಿರುವುದು ಅದಲ್ಲ, ಆದರೆ ಅದೇ ಜಾತಿಯದು. ಕ್ಯಾಟ್‌ನಲ್ಲಿ 8 ಪ್ರಶ್ನೆ, ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ, ಒಟ್ಟು 40. ಇದರಲ್ಲಿ 2 ಅಂಕ ಇಳಿದರೂ ರೋಗಿಗೆ ಗೊತ್ತಾಗುವಷ್ಟು ಸುಧಾರಿಸಿದೆ ಅಂತ ಎಣಿಸುತ್ತಾರೆ. ಈಗ ನೋಡಿ, ಒಬ್ಬರು ನನ್ನ ಪದವನ್ನು ಮೊದಲ ಸಲ ಕಾಯಿಲೆ ಅಂತ ಓದಿಕೊಂಡು, ಮೂರು ತಿಂಗಳ ಮೇಲೆ ಏದುಸಿರು ಅಂತ ಓದಿಕೊಂಡರೆ? ಆ 2 ಅಂಕ ಅಲ್ಲೇ ಏರುಪೇರಾಯಿತು. ಔಷಧದ್ದೇನೂ ಪಾತ್ರವಿಲ್ಲ.

ಸರಿ, ಬೇರೆ ಪದ ನೋಡೋಣ ಅಂತ ಹೊರಟೆ.

‘ಸುಸ್ತು’ ಅಂತ ಹೇಳುವವರೇ ಜಾಸ್ತಿ. ‘ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತಾಗತ್ತೆ’ ಅಂತಾರೆ. ಅದು ಕಾಲಿನ ಸುಸ್ತೋ ಉಸಿರಿನ ಸುಸ್ತೋ ಅವರನ್ನೇ ಮತ್ತೆ ಕೇಳಬೇಕು. ಕ್ಯಾಟ್‌ನಲ್ಲಿ ಉಸಿರಿಗೇ ಒಂದು ಪ್ರಶ್ನೆ, ಮೈಯ ಶಕ್ತಿಗೇ ಇನ್ನೊಂದು ಪ್ರಶ್ನೆ. ಸುಸ್ತು ಅಂದರೆ ಎರಡೂ ಕಲಸಿಹೋಗುತ್ತವೆ. ‘ಆಯಾಸ’ವೂ ಹಾಗೇ. ತಮಾಷೆ ಅಂದರೆ, ಪಕ್ಕದ ತೆಲುಗಿನಲ್ಲಿ ‘ಆಯಾಸಂ’ ಅಂದರೆ ಏದುಸಿರೇ. ಒಂದೇ ಪದ ಅಲ್ಲಿ ಎದೆಯಲ್ಲಿ ಉಳಿಯಿತು, ನಮ್ಮಲ್ಲಿ ಮೈಗೆಲ್ಲ ಹರಡಿತು.

‘ದಮ್ಮು’ ಫಾರ್ಸಿಯಿಂದ ಬಂದದ್ದು. ಅಲ್ಲಿ ‘ದಮ್’ ಅಂದರೆ ಉಸಿರು. ನಮ್ಮಲ್ಲಿ ಅದು ಉಸಿರೂ ಹೌದು, ಕಾಯಿಲೆಯೂ ಹೌದು, ತಾಕತ್ತೂ ಹೌದು. ಸಿಗರೇಟಿನ ಒಂದು ಎಳೆತವೂ ದಮ್ಮೇ. ಮುಂದಿನ ಪುಟದಲ್ಲೇ ಧೂಮಪಾನದ ಪ್ರಶ್ನೆ ಇರುವ ಕಡೆ ‘ದಿನಕ್ಕೆ ಎಷ್ಟು ಸಲ ದಮ್ಮು?’ ಅಂತ ಕೇಳಿದರೆ ಏನಾಗಬಹುದು, ನೀವೇ ಊಹಿಸಿ.

‘ಉಸಿರು ಹಿಡಿಯುತ್ತದೆ’ ಅಂತ ಬರೆದು ಒಂದು ದಿನ ಖುಷಿಯಾಗಿದ್ದೆ. ಮನೆಯಲ್ಲಿ ಓದಿ ಹೇಳಿದರೆ, ‘ಎಲ್ಲಿ, ಬೆನ್ನಲ್ಲಾ?’ ಅಂತ ಪ್ರಶ್ನೆ ಬಂತು. ಹೌದಲ್ಲ, ಭಾರ ಎತ್ತಿದಾಗ ಬೆನ್ನಲ್ಲೋ ಪಕ್ಕೆಯಲ್ಲೋ ಚಳುಕು ಬಂದರೂ ಉಸಿರು ಹಿಡಿದುಕೊಂಡಿದೆ ಅಂತಲೇ ಹೇಳುತ್ತೇವೆ. ಅದೂ ಹೊಡೆದುಹಾಕಿದೆ.

‘ಮೇಲುಸಿರು’ ಅರ್ಥದಲ್ಲಿ ಸರಿಯಾಗಿಯೇ ಇದೆ. ಆದರೆ ‘ಮೇಲುಸಿರು ಬರ್ತಿದೆ, ಬೇಗ ಬನ್ನಿ’ ಅಂತ ಫೋನ್ ಬಂದರೆ ನಾವೆಲ್ಲ ಯಾಕೆ ಹೊರಡುತ್ತೇವೆ ಅಂತ ಗೊತ್ತು. ಇದು ನನ್ನೊಬ್ಬನ ಅಳುಕಲ್ಲ. 1816ರಲ್ಲಿ ಸ್ಟೆತಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ವೈದ್ಯ ಲೆನೆಕ್‌ಗೂ ಇದೇ ಪೇಚು ಎದುರಾಗಿತ್ತು. ಎದೆಯೊಳಗಿನ ಸದ್ದುಗಳಿಗೆ ಅವರು ಫ್ರೆಂಚಿನ ‘ರಾಲ್’ ಅನ್ನುವ ಪದ ಬಳಸಿದರು. ಜನರಿಗೆ ಅದು ಸಾಯುವವರ ಗಂಟಲಿನ ಗೊರಗೊರ. ಹಾಸಿಗೆ ಪಕ್ಕ ನಿಂತು ಹಾಗಂದರೆ ರೋಗಿ ಹೆದರುತ್ತಾನೆ. ಅದಕ್ಕೇ ರೋಗಿಯ ಎದುರಿಗೆ ಲ್ಯಾಟಿನ್ನಿನ ‘ರಾಂಕಸ್’ ಅಂದರು. ಅರ್ಥವಾಗದ ಪದದಿಂದ ಅವರಿಗೆ ಅನುಕೂಲವಾಯಿತು. ನನಗೆ ಆ ದಾರಿಯೂ ಇಲ್ಲ, ಅರ್ಥವಾಗಲೇಬೇಕು.

ಉಳಿದದ್ದು ‘ಏದುಸಿರು’. ಓಡಿ ಬಂದ ಮಗುವಿಗೂ ಏದುಸಿರು ಬರುತ್ತದೆ, ಆದ್ದರಿಂದ ಹೆದರಿಕೆ ಇಲ್ಲ, ಕಾಯಿಲೆಯ ವಾಸನೆ ಇಲ್ಲ. ಆದರೂ ಒಂದು ತೊಡಕಿದೆ. ಏದುಸಿರು ಹೊರಗಿನವರ ಕಣ್ಣಿಗೆ ಕಾಣುವಂಥದ್ದು. ಎದೆ ಏರಿಳಿಯುತ್ತದೆ, ಮಾತು ತುಂಡಾಗುತ್ತದೆ. ಪ್ರಶ್ನೆ ಕೇಳುತ್ತಿರುವುದು ಒಳಗೆ ಏನಾಗುತ್ತದೆ ಅಂತ. ಶ್ವಾಸಕೋಶ ತಜ್ಞರ ಸಂಘವಾದ ಅಮೆರಿಕನ್ ಥೊರಾಸಿಕ್ ಸೊಸೈಟಿ 2012ರ ತನ್ನ ಹೇಳಿಕೆಯಲ್ಲಿ ಉಸಿರು ಸಾಲದ್ದನ್ನು ಉಸಿರಾಟದ ಇರಿಸುಮುರಿಸಿನ ಸ್ವಂತ ಅನುಭವ ಅಂತಲೇ ಕರೆದಿದೆ. ಒಂದೇ ಬಗೆಯದ್ದೂ ಅಲ್ಲವಂತೆ. ಉಸಿರೆಳೆಯಲು ತಿಣುಕಬೇಕಾಗುವುದು ಒಂದು. ಎದೆ ಬಿಗಿಯುವುದು ಇನ್ನೊಂದು. ಎಷ್ಟು ಎಳೆದರೂ ಗಾಳಿ ಸಾಲದು ಅನ್ನಿಸುವುದು ಮತ್ತೊಂದು. ಈ ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಗಾಳಿಯ ಹಸಿವು ಅಂತಾರೆ. ‘ಗಾಳಿಹಸಿವು’ ಅಂತ ಕನ್ನಡದಲ್ಲಿ ಬರೆದರೆ ಯಾರೂ ಮೂಸಿ ನೋಡುವುದಿಲ್ಲ. ಹಾಗಾಗಿ ಸದ್ಯಕ್ಕೆ ‘ಉಸಿರು ಸಾಲದಂತಾಗುವುದು’ ಅಂತ ಇಟ್ಟಿದ್ದೇನೆ. ಎದೆ ಬಿಗಿತಕ್ಕೆ ಬೇರೆ ಪ್ರಶ್ನೆ ಇರುವುದರಿಂದ ಅದರ ಜೊತೆ ಇದು ಕಲಸುವುದಿಲ್ಲ. ಉದ್ದವಾಯಿತು, ಬಾಯಿಗೆ ಅಷ್ಟು ಸಲೀಸಾಗಿ ಬರುವುದಿಲ್ಲ. ಗೊತ್ತು.

ಇನ್ನೊಂದು ಸಣ್ಣ ಅವಾಂತರ. ಇಂಗ್ಲಿಷಿನ ‘ಕಫ್’ ಅಂದರೆ ಕೆಮ್ಮು, ನಮ್ಮ ‘ಕಫ’ ಅಂದರೆ ಬೇರೆಯೇ. ಔಷಧದ ಬಾಟಲಿ ನೋಡಿ ಅಭ್ಯಾಸವಾದವರು ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಒಣ ಕೆಮ್ಮು ಇರುವವರೂ ‘ಕಫ ಇದೆ’ ಅಂತ ಗುರುತು ಹಾಕುತ್ತಾರೆ. ‘ಕೆಮ್ಮಿದಾಗ ಬರುವ ಕಫ’ ಅಂತ ಬರೆದು ಆ ಸಮಸ್ಯೆ ಮುಗಿಸಿದೆ. ಕಾಯಿಲೆ ಇದ್ದಕ್ಕಿದ್ದಂತೆ ಜೋರಾಗುವುದಕ್ಕೆ ‘ಉಲ್ಬಣ’ ಅನ್ನುವುದಕ್ಕಿಂತ ‘ಕೆರಳುವುದು’ ಅನ್ನುವುದು ನನಗೆ ಹಿಡಿಸಿತು. ಬೇಡ ಅನ್ನುವವರು ಹೇಳಿ.

ಒಪ್ಪಿಗೆ ಪತ್ರದ ಒಂದು ಪದವೂ ಬಾಕಿ ಇದೆ. ಯಾರಿಗೆ ಯಾವ ಔಷಧ ಅನ್ನುವುದನ್ನು ವೈದ್ಯರು ಆರಿಸುವುದಿಲ್ಲ, ಅದೃಷ್ಟಕ್ಕೆ ಬಿಡುತ್ತಾರೆ. ಪುಸ್ತಕದಲ್ಲಿ ‘ಯಾದೃಚ್ಛಿಕ’ ಅಂತಿದೆ. ಅದನ್ನು ಓದಿ ಸಹಿ ಹಾಕಿದವರು ಏನಕ್ಕೆ ಒಪ್ಪಿದರು ಅಂತ ದೇವರಿಗೇ ಗೊತ್ತು. ‘ಚೀಟಿ ಎತ್ತಿದ ಹಾಗೆ’ ಅಂತ ಬರೆದೆ. ಆಟದ ಹಾಗೆ ಕೇಳಿಸುತ್ತದೆ ಅಂತ ಆಕ್ಷೇಪಣೆ ಬಂತು. ಆದರೆ ಈ ಪದ್ಧತಿಗೆ ದಾರಿ ಹಾಕಿದ್ದೂ ಶ್ವಾಸಕೋಶದ ಕಾಯಿಲೆಯೇ. 1948ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಒಟ್ಟು 107 ಜನ. 55 ಜನಕ್ಕೆ ಔಷಧ ಮತ್ತು ಹಾಸಿಗೆಯ ವಿಶ್ರಾಂತಿ, 52 ಜನಕ್ಕೆ ವಿಶ್ರಾಂತಿ ಮಾತ್ರ. ಯಾರು ಯಾವ ಗುಂಪು ಅನ್ನುವುದು ಮುಚ್ಚಿದ ಲಕೋಟೆಯೊಳಗಿನ ಚೀಟಿಯಲ್ಲಿತ್ತು. ಲೆಕ್ಕ ಹಾಕಿಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಜನ ತೀರಿಕೊಂಡರು, ಎರಡನೆಯದರಲ್ಲಿ 14. ಅಲ್ಲಿ ನಿಜವಾಗಿಯೂ ಚೀಟಿಯೇ ಇತ್ತು, ಅಲ್ವಾ? ಹಾಗಾಗಿ ಚೀಟಿಯನ್ನು ನಾನು ಬಿಟ್ಟುಕೊಡುವುದಿಲ್ಲ.

ಉಸಿರಿನ ಪದದ ಬಗ್ಗೆ ಮಾತ್ರ ಅಷ್ಟು ಗಟ್ಟಿಯಾಗಿ ಹೇಳಲಾರೆ. ನಿಮ್ಮನ್ನು ಕೇಳುವುದು ಇಷ್ಟೇ. ಮನೆಯ ಹಿರಿಯರು ಮೆಟ್ಟಿಲ ನಡುವೆ ನಿಂತು, ಪಕ್ಕದ ಕಂಬಿ ಹಿಡಿದುಕೊಂಡು, ‘ತಾಳಪ್ಪ, ನನಗೆ...’ ಅಂತ ಶುರು ಮಾಡಿ ಏನು ಹೇಳುತ್ತಾರೆ? ಆ ಮಾತು ಹಾಗೇ ಬೇಕು. ನಿಘಂಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ. ಅವರು ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರೆ, ಯಾಕೆ ಬಿಟ್ಟಿರಿ ಅಂತ ಕೇಳಿ, ಅದಕ್ಕೆ ಬಂದ ಉತ್ತರವನ್ನೂ ಬರೆಯಿರಿ. ಮುಂದಿನ ಸೋಮವಾರ ಕರಡು ಮತ್ತೆ ಇಂಗ್ಲಿಷಿಗೆ ತಿರುಗಲು ಹೋಗುತ್ತದೆ.